ಸೈನ್ ಆಫ್ ಮಾಡಿದ ಮೇಲೆ ಫೈಲ್ ಹುಡುಕಬೇಡಿ

"ಸರ್, ಬೆಳಗ್ಗೆ ಎಡಿಟ್ ಮಾಡಿಟ್ಟ ಫೈಲ್ ಈಗ ಕಾಣ್ತಾ ಇಲ್ಲ." ಈ ಫೋನ್ ಬಂದರೆ ಯಾವ ಲೈಬ್ರರಿ (ಫೈಲ್ ಇಡುವ ಜಾಗ, ಫೋಲ್ಡರ್ ಥರ) ಎಂದು ನಾನು ಕೇಳುವುದೇ ಇಲ್ಲ. ಕ್ಯೂಟೆಂಪ್ (QTEMP) ಎಂಬ ತಾತ್ಕಾಲಿಕ ಲೈಬ್ರರಿಯೇ ಆಗಿರುತ್ತದೆ.

ಇದು ಎಎಸ್ 400 ಎಂಬ ಐಬಿಎಂ ಸಿಸ್ಟಮ್ ಮಾತು. ಅದು ಬಂದದ್ದು 1988ರಲ್ಲಿ. ಈಗ ಅದರ ಹೆಸರು ಐಬಿಎಂ ಐ. ಮಂಗಳೂರಿನ ನಮ್ಮ ಹುಡುಗರು ಅದನ್ನು ಮೊದಲು ನೋಡುವುದೇ ಕೆಲಸಕ್ಕೆ ಸೇರಿದ ಮೇಲೆ. ಕಾಲೇಜಲ್ಲಿ ಕಲಿತದ್ದು ವಿಂಡೋಸ್. ಅಲ್ಲಿ ಟೆಂಪ್ ಫೋಲ್ಡರಿಗೆ ಹಾಕಿದ್ದು ವರ್ಷಗಟ್ಟಲೆ ಬಿದ್ದಿರುತ್ತದೆ. ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ.

ಕ್ಯೂಟೆಂಪ್ ಯೂಸರ್‌ಗೆ ಸೇರಿದ್ದಲ್ಲ ಮಾರಾಯ್ರೇ, ಜಾಬ್‌ಗೆ ಸೇರಿದ್ದು. ನಿಮ್ಮ ಒಂದು ಸೈನ್ ಆನ್ ಒಂದು ಜಾಬ್; ಸೈನ್ ಆಫ್ ಮಾಡಿದರೆ ಅದು ಮುಗಿಯಿತು. ಜಾಬ್ ಶುರುವಾದಾಗ ಕ್ಯೂಟೆಂಪ್ ಹುಟ್ಟುತ್ತದೆ, ಮುಗಿದಾಗ ಒಳಗಿದ್ದದ್ದರ ಸಮೇತ ಅಳಿಯುತ್ತದೆ. ದೇವಸ್ಥಾನದ ಊಟದಲ್ಲಿ ಎದ್ದು ಕೈ ತೊಳೆದು ಬಂದು "ನನ್ನ ಎಲೆ ಎಲ್ಲಿ?" ಅಂದರೆ ಯಾರು ಕೊಡುತ್ತಾರೆ?

ಒಂದೇ ಐಡಿಯಲ್ಲಿ ಎರಡು ಸೆಷನ್ ತೆರೆದಿದ್ದೀರಾ? ಎರಡು ಜಾಬ್, ಎರಡು ಕ್ಯೂಟೆಂಪ್. ಹೆಸರು ಒಂದೇ, ಒಂದರಲ್ಲಿರುವುದು ಇನ್ನೊಂದಕ್ಕೆ ಕಾಣುವುದಿಲ್ಲ. ಸಿಸ್ಟಮ್ ರಿಕ್ವೆಸ್ಟ್ ಕೀ ಒತ್ತಿ 1 ಕೊಟ್ಟರೆ ತೆರೆಯುವುದೂ ಬೇರೆ ಜಾಬ್. ಸಬ್‌ಮಿಟ್ ಮಾಡಿದ, ಹಿನ್ನೆಲೆಯಲ್ಲಿ ಓಡುವ ಬ್ಯಾಚ್ ಜಾಬ್‌ಗೂ ಅದರದ್ದೇ ಖಾಲಿ ಕ್ಯೂಟೆಂಪ್. ಹಸಿರು ಸ್ಕ್ರೀನಿನಲ್ಲಿ (ಎಎಸ್ 400ರ ಟರ್ಮಿನಲ್) ಫೈಲ್ ಮಾಡಿ, ಪಿಸಿಯ ಎಡಿಟರ್ ವಿಎಸ್ ಕೋಡ್‌ನಲ್ಲಿ ತೆರೆಯಲು ಹೋದರೂ ಅದೇ ಕತೆ. ಅದು ಸರ್ವರ್‌ನಲ್ಲಿ ಬೇರೆ ಜಾಬ್ ಆಗಿ ಓಡುತ್ತದೆ.

ಜಾಸ್ತಿ ಕಳೆದುಕೊಳ್ಳುವವರು ಶಿಸ್ತಿನವರೇ, ಅದೇ ಬೇಜಾರು. ಬೈಕಂಪಾಡಿಯ ಒಂದು ಆಫೀಸಿನಲ್ಲಿ ಊಟಕ್ಕೆ ಏಳುವಾಗ ಸೈನ್ ಆಫ್ ಮಾಡಲೇಬೇಕು ಅನ್ನುವ ನಿಯಮ. ಒಬ್ಬಳು ಹುಡುಗಿ ಚಾಚೂ ತಪ್ಪದೆ ಪಾಲಿಸಿದಳು. ಬೆಳಗ್ಗಿನ ಸೋರ್ಸ್ (ಬರೆದ ಪ್ರೋಗ್ರಾಮ್) ಪೂರ್ತಿ ಹೋಯಿತು. ಸ್ಕ್ರೀನ್ ಹಾಗೇ ಬಿಟ್ಟು ಎದ್ದ ಪಕ್ಕದವನದ್ದು ಉಳಿಯಿತು! ಅವನಿಗೆ ಬೈಯಬೇಕೋ ಬೇಡವೋ ಗೊತ್ತಾಗಲಿಲ್ಲ.

ಮಳೆಗಾಲದಲ್ಲಿ ಲೈನ್ ಕಟ್ಟಾದರೆ? ಅದು ನಿಮ್ಮ ಆಫೀಸಿನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಜಾಬ್ ಡಿಸ್‌ಕನೆಕ್ಟ್ ಆಗಿ ಕಾಯುತ್ತಾ ಇದ್ದರೆ ಪುಣ್ಯ. ಅದಕ್ಕೂ ಅವಧಿ ಇದೆ, ಐಬಿಎಂ ಕೊಡುವ ಡಿಫಾಲ್ಟ್ 240 ನಿಮಿಷ. ನಿಮ್ಮಲ್ಲಿ ಎಷ್ಟು ಇಟ್ಟಿದ್ದಾರೆ ಅಂತ ಸಿಸ್ಟಮ್ ಅಡ್ಮಿನ್ ಹತ್ತಿರ ಕೇಳಿ.

ಇನ್ನೊಂದು ಎಡವಟ್ಟು ಇದಕ್ಕಿಂತ ಅಪಾಯ. ಯಾವ ಲೈಬ್ರರಿಯಲ್ಲಿ ಮೊದಲು ಹುಡುಕಬೇಕು ಅಂತ ಹೇಳುವ ಲೈಬ್ರರಿ ಲಿಸ್ಟಿನಲ್ಲಿ ಕ್ಯೂಟೆಂಪ್ ಮೇಲಿದ್ದು, ಅಸಲಿ ಫೈಲಿನ ಕಾಪಿ ಅದೇ ಹೆಸರಲ್ಲಿ ಅಲ್ಲಿ ಕೂತಿದ್ದರೆ, ಲಿಸ್ಟ್ ನೋಡಿ ಹುಡುಕುವ ಪ್ರೋಗ್ರಾಮಿಗೆ ಮೊದಲು ಸಿಗುವುದು ಕಾಪಿಯೇ. ನೀವು ರೇಟ್ ತಿದ್ದುತ್ತೀರಿ, ನಿಮ್ಮ ಸ್ಕ್ರೀನಿನಲ್ಲಿ ಸರಿ ಕಾಣುತ್ತದೆ. ಬಿಲ್ಲಿಂಗ್‌ನವರಿಗೆ ಹಳೆಯ ರೇಟೇ. ತಿದ್ದುವ ಮುಂಚೆ ಲೈಬ್ರರಿ ಹೆಸರು ಪೂರ್ತಿ ಟೈಪ್ ಮಾಡಿ, ಕೈ ಏನೂ ಸವೆಯುವುದಿಲ್ಲ.

ಕ್ಯೂಟೆಂಪ್ ಕೆಟ್ಟದ್ದು ಅಂತಲ್ಲ. ಒಂದು ಸಿಎಲ್ (ಈ ಸಿಸ್ಟಮ್ಮಿನ ಕಮಾಂಡ್ ಭಾಷೆ) ಪ್ರೋಗ್ರಾಮ್ ಕಮಾಂಡಿನ ಫಲಿತಾಂಶ ಇಡುವ ಔಟ್‌ಫೈಲ್ ಮಾಡಿ, ಓದಿ, ಅಲ್ಲೇ ಮರೆಯುವಂತಿದ್ದರೆ ಅದರಷ್ಟು ಒಳ್ಳೆಯ ಜಾಗ ಇಲ್ಲ. ಆದರೆ ಕೈಯಾರೆ ಎಡಿಟ್ ಮಾಡುವ ಸೋರ್ಸ್ ಅಲ್ಲಿ ಬೇಡ. ನಿಮ್ಮ ಹೆಸರಲ್ಲಿ ಒಂದು ಲೈಬ್ರರಿ ಮಾಡಿಸಿಕೊಳ್ಳಿ.

ಕಳೆದ ಮೇಲೆ ಎಲ್ಲರೂ ಬ್ಯಾಕಪ್ ಬಗ್ಗೆ ಕೇಳುತ್ತಾರೆ. ರಾತ್ರಿಯ ಬ್ಯಾಕಪ್‌ಗೆ ಕ್ಯೂಟೆಂಪ್ ಸೇರುವುದಿಲ್ಲ. ಸುಮ್ನೆ ಹುಡುಕುತ್ತಾ ಕೂರುವುದಕ್ಕಿಂತ, ಬರೆದದ್ದು ತಲೆಯಲ್ಲಿ ಇರುವಾಗಲೇ ಮತ್ತೆ ಟೈಪ್ ಮಾಡಲು ಶುರು ಮಾಡಿ.