ತಪ್ಪು ಮಾತೋ, ಮನೆಮಾತೋ?

ಅಮೆರಿಕದ ಒಂದು ಶಾಲೆ ಅಂದುಕೊಳ್ಳಿ. ಆರು ವರ್ಷದ ಇಬ್ಬರು ಹುಡುಗರಿಗೆ ಒಂದು ಚಿತ್ರ ತೋರಿಸಿ, ಇವನು ದಿನಾ ಏನು ಮಾಡುತ್ತಾನೆ ಅಂತ ಕೇಳುತ್ತಾರೆ. ಇಬ್ಬರೂ ‘ಹಿ ವಾಕ್’ ಅನ್ನುತ್ತಾರೆ. ಪರೀಕ್ಷೆಗೆ ಬೇಕಾದ ಉತ್ತರ ‘ಹಿ ವಾಕ್ಸ್’. ಇಬ್ಬರಿಗೂ ಸೊನ್ನೆ. ಆದರೆ ಅವರಲ್ಲಿ ಒಬ್ಬನಿಗೆ ಭಾಷೆ ಕಲಿಯುವುದರಲ್ಲೇ ತೊಡಕಿದೆ. ಇನ್ನೊಬ್ಬನಿಗೆ ಏನೂ ಆಗಿಲ್ಲ. ಅವನ ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಒಂದೇ ಮಾತು, ಒಂದೇ ಸೊನ್ನೆ. ಇವರನ್ನು ಬೇರೆ ಮಾಡುವುದು ಹೇಗೆ?

ಈ ತೊಡಕಿಗೆ ಈಗ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ ಅಂತ ಹೆಸರು. ಕಿವಿ ಚೆನ್ನಾಗಿ ಕೇಳುತ್ತದೆ, ಬುದ್ಧಿ ಚುರುಕಾಗಿರಬಹುದು, ಮನೆಯವರು ಬೇಕಾದಷ್ಟು ಮಾತಾಡಿಸಿರುತ್ತಾರೆ. ಆದರೂ ವಾಕ್ಯ ಕಟ್ಟುವುದು ಕಷ್ಟ. ಅಮೆರಿಕ ಮತ್ತು ಇಂಗ್ಲೆಂಡಿನ ದೊಡ್ಡ ಸಮೀಕ್ಷೆಗಳಲ್ಲಿ ಇದು ಸುಮಾರು 7% ಮಕ್ಕಳಲ್ಲಿ ಕಂಡಿದೆ. 30 ಮಕ್ಕಳ ಕ್ಲಾಸಿಗೆ ಇಬ್ಬರು. ಸ್ಟ್ಯಾಂಡರ್ಡ್ ಇಂಗ್ಲಿಷ್ ಆಡುವ ಮಕ್ಕಳಲ್ಲಿ ಇದರ ಸುಳಿವು ಸಿಗುವುದು ಕ್ರಿಯಾಪದದ ಬಾಲದಲ್ಲಿ. ‘ವಾಕ್ಸ್’ನ ‘ಸ್’, ‘ವಾಕ್ಟ್’ನ ‘ಟ್’, ಮಧ್ಯೆ ಬರುವ ‘ಈಸ್’. ಓರಗೆಯವರು ಇವನ್ನೆಲ್ಲ ಕಲಿತು ವರ್ಷಗಳಾದರೂ ಈ ಮಕ್ಕಳು ಬಿಡುತ್ತಲೇ ಇರುತ್ತಾರೆ.

ತೊಂದರೆ ಇರುವುದು ಇಲ್ಲೇ. ಅಮೆರಿಕದ ಅನೇಕ ಕಪ್ಪು ಜನರು ಆಡುವ ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಎಂಬ ಉಪಭಾಷೆಯಲ್ಲಿ ಬಿಟ್ಟರೂ ನಡೆಯುವ ತುಣುಕುಗಳು ಕೂಡ ಇವೇ! ಉಚ್ಚಾರಣೆಯಲ್ಲೂ ಇದೇ ಕಥೆ. ‘ಬಾತ್’ ಎಂಬ ಪದವನ್ನು ಈ ಉಪಭಾಷೆಯಲ್ಲಿ ‘ಬಾಫ್’ ಅನ್ನುವುದು ಸಾಮಾನ್ಯ. ನಮ್ಮಲ್ಲೂ ಎಷ್ಟೋ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಕ್ಕಿ’ ‘ಅಕ್ಕಿ’ ಆಗುತ್ತದೆ. ಆ ಊರಿನ ಮಗುವಿಗೆ ಮಾತಿನ ದೋಷ ಇದೆ ಅಂತ ಯಾರಾದರೂ ಚೀಟಿ ಬರೆದುಕೊಟ್ಟರೆ ಒಪ್ಪುತ್ತೀರಾ?

ಅಮೆರಿಕದಲ್ಲಿ ಹಾಗೆ ಬರೆದುಕೊಟ್ಟ ಕಾಲ ಇತ್ತು. 1960ರ ದಶಕದಲ್ಲಿ ಕೆಲವು ಶಿಕ್ಷಣ ಮನೋವಿಜ್ಞಾನಿಗಳು ಬಡ ಕಪ್ಪು ಮಕ್ಕಳ ಮಾತಿನಲ್ಲಿ ತರ್ಕವೇ ಇಲ್ಲ ಎಂದರು. ಆ ಮಕ್ಕಳಿಗೆ ಭಾಷೆಯೇ ಇಲ್ಲ ಅಂತ ಭಾವಿಸಿ ಮೊದಲಿನಿಂದ ಕಲಿಸಿ ಎಂಬ ಸಲಹೆ ಕೂಡ ಬಂತು. ಇದಕ್ಕೆ ತಕ್ಕ ಉತ್ತರ ಕೊಟ್ಟವರು ಭಾಷಾವಿಜ್ಞಾನಿ ವಿಲಿಯಂ ಲಬಾವ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅವರ ತಂಡ 8 ವರ್ಷದ ಒಬ್ಬ ಹುಡುಗನನ್ನು ಮಾತಾಡಿಸಿತು. ಪ್ರಶ್ನೆ ಕೇಳಿದರೆ ಒಂದೊಂದೇ ಪದ, ಇಲ್ಲವೇ ಮೌನ. ಪರೀಕ್ಷೆಯಾಗಿದ್ದರೆ ‘ಭಾಷೆ ಬೆಳೆದಿಲ್ಲ’ ಅನ್ನುತ್ತಿದ್ದರು. ಮುಂದಿನ ಸಲ ಅದೇ ಸಂದರ್ಶಕ ಚಿಪ್ಸ್ ಪೊಟ್ಟಣ ತಂದರು, ಹುಡುಗನ ಆಪ್ತ ಗೆಳೆಯನನ್ನೂ ಕರೆದರು, ತಾವೂ ನೆಲದ ಮೇಲೆ ಕೂತರು. ಹುಡುಗರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡಿದರು. ಕೊರತೆ ಇದ್ದದ್ದು ಪರೀಕ್ಷೆಯ ಕೋಣೆಯಲ್ಲಿ.

ನನಗೆ ಇದಕ್ಕಿಂತ ಇಷ್ಟವಾದದ್ದು 1969ರಲ್ಲಿ ಲಬಾವ್ ವಿವರಿಸಿದ ‘ಈಸ್’ನ ನಿಯಮ. ಸ್ವಲ್ಪ ನಿಧಾನವಾಗಿ ನೋಡೋಣ. ಸ್ಟ್ಯಾಂಡರ್ಡ್ ಇಂಗ್ಲಿಷ್‌ನಲ್ಲಿ ‘ಹಿ ಈಸ್ ಟಾಲ್’ ಎಂಬುದನ್ನು ಮೊಟಕು ಮಾಡಿ ‘ಹೀಸ್ ಟಾಲ್’ ಅನ್ನಬಹುದು. ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಹಿ ಟಾಲ್’ ಅನ್ನುತ್ತದೆ. ಕನ್ನಡದವರಿಗೆ ಇದು ವಿಚಿತ್ರವೇ ಅಲ್ಲ. ‘ಅವರು ನಮ್ಮ ಮೇಷ್ಟ್ರು’ ಎಂಬ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ? ಈಗ ‘ದಟ್ಸ್ ವಾಟ್ ಹಿ ಈಸ್’ ತೆಗೆದುಕೊಳ್ಳಿ. ಇಲ್ಲಿ ಕೊನೆಯ ‘ಈಸ್’ ಅನ್ನು ಸ್ಟ್ಯಾಂಡರ್ಡ್ ಇಂಗ್ಲಿಷ್‌ನಲ್ಲಿ ಮೊಟಕು ಮಾಡಲು ಆಗುವುದಿಲ್ಲ. ಅಲ್ಲಿ ಮೊಟಕಾಗದ ‘ಈಸ್’ ಇಲ್ಲಿ ಬಿಟ್ಟುಹೋಗುವುದೂ ಇಲ್ಲ! ‘ಐ ಆ್ಯಮ್’ನ ‘ಆ್ಯಮ್’ ಅನ್ನು, ಭೂತಕಾಲದ ‘ವಾಸ್’ ಅನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಸುಮ್ನೆ ಸೋಮಾರಿತನದಿಂದ ಬಿಡುವವರು ಇಷ್ಟು ಅಚ್ಚುಕಟ್ಟಾಗಿ ಬಿಡುತ್ತಾರಾ?

ಈ ನಿಯಮ ಗೊತ್ತಿದ್ದರೆ ಪರೀಕ್ಷಿಸುವವರ ಕಿವಿಯೇ ಬದಲಾಗುತ್ತದೆ. ಆ ಮನೆಯ ಮಗು ‘ಹಿ ಹಂಗ್ರಿ’ ಅಂದರೆ ಚಿಂತೆ ಬೇಡ. ಅದೇ ಮಗು ಆರನೇ ವಯಸ್ಸಿನಲ್ಲೂ ಮತ್ತೆ ಮತ್ತೆ ‘ಐ ಹಂಗ್ರಿ’ ಅಂದರೆ ಗಮನ ಕೊಡಬೇಕು, ಏಕೆಂದರೆ ಅದು ಅವರ ಮನೆಮಾತಿನಲ್ಲೂ ಇಲ್ಲ.

ಕೆಲವು ಕಡೆ ಈ ಉಪಭಾಷೆ ಸ್ಟ್ಯಾಂಡರ್ಡ್ ಇಂಗ್ಲಿಷ್‌ಗಿಂತ ಜಾಸ್ತಿ ಸೂಕ್ಷ್ಮ. ‘ಹಿ ಬಿ ಈಟಿಂಗ್’ ಅಂದರೆ ಈಗ ತಿನ್ನುತ್ತಿದ್ದಾನೆ ಅಂತಲ್ಲ, ತಿನ್ನುವುದು ಅವನ ರೂಢಿ ಅಂತ. ಜಾನಿಸ್ ಜ್ಯಾಕ್ಸನ್ ಎಂಬ ಸಂಶೋಧಕಿ ಮಕ್ಕಳ ಟಿವಿ ಪಾತ್ರಗಳ ಚಿತ್ರ ಬಳಸಿ ಇದನ್ನು ತೋರಿಸಿದರು. ಸದಾ ಬಿಸ್ಕತ್ತು ತಿನ್ನುವ ಪಾತ್ರ ಕುಕಿ ಮಾನ್‌ಸ್ಟರ್ ಹುಷಾರಿಲ್ಲದೆ ಮಲಗಿದ್ದಾನೆ, ಎಲ್ಮೋ ಬಿಸ್ಕತ್ತು ತಿನ್ನುತ್ತಿದ್ದಾನೆ. ‘ಹೂ ಬಿ ಈಟಿಂಗ್ ಕುಕೀಸ್?’ ಅಂದರೆ ಕಪ್ಪು ಮಕ್ಕಳು ಹೆಚ್ಚಾಗಿ ಕುಕಿ ಮಾನ್‌ಸ್ಟರ್‌ನನ್ನು ತೋರಿಸಿದರು. ದಿನಾ ತಿನ್ನುವವನು ಅವನೇ ತಾನೆ! ಬಿಳಿಯ ಮಕ್ಕಳಿಗೆ ಈ ವ್ಯತ್ಯಾಸ ಕೇಳಿಸಲಿಲ್ಲ, ಅವರು ಎಲ್ಮೋ ಕಡೆ ಕೈ ತೋರಿಸಿದರು. ಪರೀಕ್ಷೆ ಇದೊಂದೇ ಆಗಿದ್ದರೆ ದೋಷದ ಚೀಟಿ ಯಾರಿಗೆ ಸಿಗುತ್ತಿತ್ತು?

ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ 1983ರಲ್ಲಿ ಯಾವ ಉಪಭಾಷೆಯೂ ದೋಷವಲ್ಲ ಎಂದು ಹೇಳಿತು. ಹೇಳುವುದು ಸುಲಭ, ಪರೀಕ್ಷೆ ಕಟ್ಟುವುದು ಕಷ್ಟ. ಹ್ಯಾರಿ ಸೆಮೂರ್, ಥಾಮಸ್ ರೋಪರ್, ಜಿಲ್ ಡಿ ವಿಲಿಯರ್ಸ್ ಸೇರಿ ಕಟ್ಟಿದ ‘ಡೆಲ್ವ್’ ಪರೀಕ್ಷೆ 2003ರಲ್ಲಿ ಬರತೊಡಗಿತು. ಅವರ ಯೋಚನೆ ಸರಳ. ಉಪಭಾಷೆಗಳು ಬೇರೆಯಾಗುವ ಜಾಗದಲ್ಲಿ ದೋಷ ಹುಡುಕಬೇಡಿ, ಎಲ್ಲ ಇಂಗ್ಲಿಷ್‌ಗಳೂ ಒಂದೇ ಥರ ಇರುವ ಆಳದಲ್ಲಿ ಹುಡುಕಿ.

ಈ ತಂಡದವರು ಮೊದಲೇ ಮಾಡಿದ್ದ ಒಂದು ಪ್ರಯೋಗ ಹೀಗಿತ್ತು. ಒಬ್ಬ ಹುಡುಗ ಮಧ್ಯಾಹ್ನ ಮರದಿಂದ ಬಿದ್ದು ಪೆಟ್ಟು ಮಾಡಿಕೊಂಡ. ರಾತ್ರಿ ಸ್ನಾನ ಮಾಡುವಾಗ ಅಪ್ಪನಿಗೆ ಅದನ್ನು ಹೇಳಿದ. ‘ಪೆಟ್ಟಾಯಿತು ಅಂತ ಹುಡುಗ ಯಾವಾಗ ಹೇಳಿದ?’ ಎಂಬ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಎರಡು ಉತ್ತರ ಸಾಧ್ಯ, ಪೆಟ್ಟಾದ ಹೊತ್ತು ಅಥವಾ ಹೇಳಿದ ಹೊತ್ತು. ‘ಹೇಗೆ ಪೆಟ್ಟಾಯಿತು ಅಂತ ಯಾವಾಗ ಹೇಳಿದ?’ ಎಂದು ಕೇಳಿದ ಕೂಡಲೇ ಒಂದು ದಾರಿ ಮುಚ್ಚುತ್ತದೆ. ಉತ್ತರ ‘ರಾತ್ರಿ’ ಮಾತ್ರ. ಇದನ್ನು ಯಾರೂ ಮಕ್ಕಳಿಗೆ ಕೂರಿಸಿ ಕಲಿಸುವುದಿಲ್ಲ, ಆದರೂ ಪುಟ್ಟ ಮಕ್ಕಳಿಗೆ ಇದು ಗೊತ್ತು. ಕಪ್ಪು ಮನೆಯೋ ಬಿಳಿ ಮನೆಯೋ, ನಿಯಮ ಒಂದೇ. ಡಿಎಲ್‌ಡಿ ಇರುವ ಮಕ್ಕಳು ಎಡವುವುದು ಇಂಥ ಹೆಣೆದ ವಾಕ್ಯಗಳಲ್ಲಿ.

ಇನ್ನೊಂದು ಉಪಾಯ, ಅರ್ಥವೇ ಇಲ್ಲದ ಪದ ಹೇಳಿ ‘ಹಾಗೇ ಹೇಳು’ ಅನ್ನುವುದು. ಯಾರ ಮನೆಯಲ್ಲೂ ಇಲ್ಲದ ಪದ ಅದು. ಡಿಎಲ್‌ಡಿ ಇರುವ ಎಷ್ಟೋ ಮಕ್ಕಳಿಗೆ ಪದ ಉದ್ದವಾದಷ್ಟೂ ಸರಿಯಾಗಿ ತಿರುಗಿ ಹೇಳುವುದು ಕಷ್ಟ.

ನನ್ನ ಆತಂಕ ಈಗ ಉಲ್ಟಾ ತಪ್ಪಿನ ಬಗ್ಗೆ. ಒಳ್ಳೆಯ ಮನಸ್ಸಿನಿಂದಲೇ ಕೆಲವರು ‘ಅದು ಅವರ ಉಪಭಾಷೆ, ಬಿಡಿ’ ಅಂದುಬಿಡುತ್ತಾರೆ. ಆಗ ನಿಜವಾಗಿ ಕಷ್ಟಪಡುತ್ತಿರುವ ಕಪ್ಪು ಮಗುವಿಗೆ ಸಹಾಯವೇ ಸಿಗುವುದಿಲ್ಲ. ಉಪಭಾಷೆ ಇದ್ದರೆ ದೋಷ ಇಲ್ಲ, ದೋಷ ಇದ್ದರೆ ಉಪಭಾಷೆ ಅಲ್ಲ ಎಂಬ ಲೆಕ್ಕವೇ ತಪ್ಪು. ಎರಡೂ ಒಟ್ಟಿಗೆ ಇರಬಹುದು. ಲೂಯಿಸಿಯಾನಾದ ಸಂಶೋಧಕಿ ಜಾನಾ ಓಟಿಂಗ್ ಅನೇಕ ವರ್ಷಗಳಿಂದ ವಾದಿಸುತ್ತಿರುವುದು ಇದನ್ನೇ. ಮಗುವನ್ನು ಅದೇ ಉಪಭಾಷೆಯ ಮಕ್ಕಳ ಜೊತೆ ಹೋಲಿಸಿ, ಯಾವ ತುಣುಕನ್ನು ಎಷ್ಟು ಸಲ ಬಿಡುತ್ತದೆ ಅಂತ ನೋಡಿ ಎನ್ನುತ್ತಾರೆ ಅವರು.

ಪರೀಕ್ಷೆಯ ಪುಸ್ತಕ ಇಲ್ಲದೆಯೂ ಕೇಳಬಹುದಾದ ಒಂದು ಪ್ರಶ್ನೆ ಇದೆ. ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು, ‘ಈ ವಯಸ್ಸಿನಲ್ಲಿ ಇವನ ಅಕ್ಕ, ಅಣ್ಣ ಹೀಗೇ ಮಾತಾಡುತ್ತಿದ್ದರಾ?’ ಅಂತ ಕೇಳುವುದು. ‘ಹೂಂ, ನಮ್ಮ ಮಕ್ಕಳೆಲ್ಲ ಹೀಗೇ’ ಅಂದರೆ ಒಂದು ದಾರಿ. ‘ಇಲ್ಲ, ಇವನು ಹೇಳೋದು ನಮಗೂ ತಿಳಿಯಲ್ಲ’ ಅಂದರೆ ಅದನ್ನು ಉಪಭಾಷೆಯ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ, ಯಾಕೆಂದರೆ ಹಾಗೆ ಹೇಳುತ್ತಿರುವವರು ಆಡುವುದೂ ಅದೇ ಉಪಭಾಷೆ.