ಒಂದು ಶೀಟು, ಮೂರು ಒಲೆ

ಕಳೆದ ತಿಂಗಳು ಮತ್ತೆ ಅದೇ ಥರದ ಫೋನು. ಒಂದು ಸಂಸ್ಥೆಯವರು. ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕದ ಒಂದು ಕೊಳಗೇರಿಯ ನಕ್ಷೆ ಬೇಕು, ಜೊತೆಗೆ ಎಷ್ಟು ಕುಟುಂಬ ಇವೆ ಅನ್ನೋ ಲೆಕ್ಕ ಬೇಕು. "ಡ್ರೋನ್ ಫೋಟೊ ಆಗಲೇ ತೆಗೆಸಿದ್ದೀವಿ ಸರ್. ಸೂರಿನ ಶೀಟುಗಳನ್ನ ಎಣಿಸಿದ್ದೂ ಆಯ್ತು, 52 ಬಂತು. ನೀವು ಸುಮ್ನೆ ಒಂದು ಸಲ ನೋಡಿ ಸಹಿ ಹಾಕಿಬಿಡಿ." ನಾನು ಹಾಕಲಿಲ್ಲ. ಅವರಿಗೆ ಬೇಸರವಾಯಿತು. ನನಗೂ ಆಯಿತು. ಸರ್ವೇ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷದ ಮೇಲಾಯಿತು, ಈ ಒಂದು ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ನೆನಪಿಲ್ಲ.

ಮಾತು ಇಷ್ಟೇ. ಮೇಲಿಂದ ನೋಡಿದರೆ ಕಾಣುವುದು ಸೂರು. ಅದರ ಕೆಳಗೆ ಎಷ್ಟು ಸಂಸಾರ ಇದೆ ಅಂತ ಸೂರು ಹೇಳುವುದಿಲ್ಲ.

ಹಳೇ ವಠಾರ ನೆನಪಿಸಿಕೊಳ್ಳಿ. ಒಂದೇ ಹೆಂಚಿನ ಮಾಡು, ಒಂದೇ ನಲ್ಲಿ, ಒಳಗೆ ಎಂಟು ಬಾಡಿಗೆ ಸಂಸಾರ. ಅದನ್ನು ಯಾರಾದರೂ ಒಂದು ಮನೆ ಅಂತ ಬರೆದುಕೊಳ್ಳುತ್ತಿದ್ದರಾ? ಕೊಳಗೇರಿ ಅಂದ ಕೂಡಲೇ ಓದಿದವರೂ ಹಾಗೆ ಬರೆದುಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ.

ನಾನು ಹೋಗಿದ್ದು ಸಂಜೆ ಏಳು ಗಂಟೆಗೆ. ಹಗಲು ಹೋದರೆ ಅರ್ಧ ಮನೆಗೆ ಬೀಗ, ಉಳಿದರ್ಧದಲ್ಲಿ ಮಕ್ಕಳು. ಮೊದಲ ಗಲ್ಲಿಯ ಮೂರನೇ ಮನೆ, ಫೋಟೊದಲ್ಲಿ ಒಂದು ಸಿಮೆಂಟ್ ಶೀಟು, ಮೇಲೆ ಗಾಳಿಗೆ ಹಾರದಂತೆ ಇಟ್ಟ ಎರಡು ಹಳೇ ಟೈರು. ಒಳಗೆ ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ಒಬ್ಬ ಅಜ್ಜಿ, ಮದುವೆಯಾಗದ ಕಿರಿಯ ಮಗ. ಏಣಿ ಹತ್ತಿದರೆ ಮರದ ಅಟ್ಟ, ಅಲ್ಲಿ ದೊಡ್ಡ ಮಗ, ಸೊಸೆ, ಎರಡು ಮಕ್ಕಳು. ಏಣಿ ಬುಡದಲ್ಲಿ ಸೊಸೆಯದೇ ಒಂದು ಒಂಟಿ ಬರ್ನರ್ ಸ್ಟವ್ವು. ಹಿಂದುಗಡೆ ಟಾರ್ಪಾಲು ಮರೆ ಮಾಡಿ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಕಾಲುವೆ ಕಡೆ ಮೂರು ಕಲ್ಲು ಹೂಡಿ ರೊಟ್ಟಿ ಸುಡುತ್ತಿದ್ದರು. ಒಂದು ಶೀಟು, ಮೂರು ಒಲೆ. ಕರೆಂಟ್ ಮೀಟರ್ ಒಂದು. ರೇಷನ್ ಕಾರ್ಡು ಎರಡು, ಅದರಲ್ಲಿ ಒಂದು ಊರಿನದು. ಸಂಸ್ಥೆಯವರ ಹಾಳೆಯಲ್ಲಿ ಇದು "ಮನೆ ನಂ. 3, ಕುಟುಂಬ 1". ನಾಳೆ ಫ್ಲ್ಯಾಟೋ ಹಕ್ಕುಪತ್ರವೋ ಬಂದರೆ ಈ ಒಂದರ ಮೇಲೆ ಮೂರು ಸಂಸಾರ ಜಗಳ ಆಡಬೇಕು. ಬಾಡಿಗೆಯವರಿಗಂತೂ ಜಗಳ ಆಡುವ ಅವಕಾಶವೂ ಇಲ್ಲ.

ಒಲೆ ಲೆಕ್ಕ ನಾನು ಕಂಡುಹಿಡಿದದ್ದಲ್ಲ. ನಮ್ಮ ಜನಗಣತಿಯಲ್ಲೂ ಕುಟುಂಬ ಅಂದರೆ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯ ಊಟ ಮಾಡುವವರು. ಕಟ್ಟಡಕ್ಕೆ ಒಂದು ನಂಬರು, ಮನೆಗೆ ಇನ್ನೊಂದು, ಕುಟುಂಬಕ್ಕೆ ಮತ್ತೊಂದು. ಅದಿರಲಿ, ನಮ್ಮ ಹಳ್ಳಿಯವರಿಗೆ ಇದನ್ನು ಯಾರು ಹೇಳಿಕೊಟ್ಟರು? ಊರು ಎಷ್ಟು ದೊಡ್ಡದು ಅಂತ ಕೇಳಿದರೆ ಇಷ್ಟು ಒಕ್ಕಲು ಅನ್ನುತ್ತಾರೆ. ಅಣ್ಣ ತಮ್ಮ ಬೇರೆ ಹೋದರು ಅಂದರೆ ಒಲೆ ಬೇರೆ ಮಾಡಿಕೊಂಡರು ಅಂತ. ನಡುವೆ ಗೋಡೆ ಏಳಲೇಬೇಕು ಅಂತೇನಿಲ್ಲ.

ವ್ಯತ್ಯಾಸ ಸಣ್ಣದು ಅಂದುಕೊಳ್ಳಬೇಡಿ. ಆ ಗಲ್ಲಿಗಳಲ್ಲಿ ಮೂರು ಸಂಜೆ ಸುತ್ತಿ ಒಲೆ ಎಣಿಸಿದೆ, 81 ಬಂತು. 2011ರ ಜನಗಣತಿಯಲ್ಲಿ, ಸರ್ಕಾರ ಇನ್ನೂ ಪಟ್ಟಿಗೆ ಸೇರಿಸದ ಜಾಗವನ್ನು ಕೊಳಗೇರಿ ಅಂತ ಗುರುತಿಸಲು ಕನಿಷ್ಠ 300 ಜನ, ಅಂದರೆ ಸುಮಾರು 60-70 ಕುಟುಂಬ ಇರಬೇಕಿತ್ತು. ಶೀಟಿನ ಲೆಕ್ಕದ 52 ಆ ಗೆರೆಯ ಕೆಳಗೆ, ಒಲೆಯ ಲೆಕ್ಕ ಮೇಲೆ. ಜಾಗ ಅದೇ, ಜನ ಅವರೇ. (ರಾಷ್ಟ್ರೀಯ ಮಾದರಿ ಸಮೀಕ್ಷೆಯವರಿಗೆ 20 ಕುಟುಂಬ ಸಾಕು. ನಮ್ಮ ರಾಜ್ಯದ 1973ರ ಕೊಳಗೇರಿ ಕಾಯ್ದೆಯ ಕೆಳಗೆ ಘೋಷಣೆ ಆಗುವ ದಾರಿಯೇ ಬೇರೆ, ಅದಕ್ಕೆ ವಕೀಲರನ್ನು ಕೇಳಿ, ನನ್ನನ್ನಲ್ಲ.) ಶೌಚಾಲಯಕ್ಕೂ ಇದೇ ಗತಿ. ಸ್ವಚ್ಛ ಭಾರತದ ಲೆಕ್ಕದಲ್ಲಿ ಸಮುದಾಯ ಶೌಚಾಲಯಕ್ಕೆ 35 ಗಂಡಸರಿಗೆ ಒಂದು ಸೀಟು, 25 ಹೆಂಗಸರಿಗೆ ಒಂದು. ನೀವು ಎಣಿಸದೆ ಬಿಟ್ಟವರೂ ಬೆಳಗ್ಗೆ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಅಲ್ವಾ?

ಜಾಸ್ತಿ ಹೇಳುವುದೂ ಉಂಟು. ಕೀನ್ಯಾದ ನೈರೋಬಿಯಲ್ಲಿ ಕಿಬೇರಾ ಅಂತ ದೊಡ್ಡ ಕೊಳಗೇರಿ ಇದೆ. ಅಲ್ಲಿ ಹತ್ತು ಲಕ್ಷ ಜನ ಇದ್ದಾರೆ ಅಂತ ವರ್ಷಗಟ್ಟಲೆ ಎಲ್ಲರೂ ಬರೆದರು. 2009ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 1,70,000. ಜನಗಣತಿ ಕಡಿಮೆ ಎಣಿಸಿದೆ ಅಂತ ವಾದ ಮಾಡುವವರು ಈಗಲೂ ಇದ್ದಾರೆ, ನಾನು ಆ ಜಗಳಕ್ಕೆ ಹೋಗುವುದಿಲ್ಲ. ಆದರೆ ಹತ್ತು ಲಕ್ಷ ಯಾರೂ ಬಾಗಿಲು ತಟ್ಟಿ ಎಣಿಸಿದ್ದಲ್ಲ. ಅಲ್ಲೂ ಉದ್ದನೆಯ ತಗಡಿನ ಸೂರಿನ ಕೆಳಗೆ ಸಾಲು ಕೋಣೆ, ಕೋಣೆಗೊಂದು ಬಾಡಿಗೆ ಸಂಸಾರ, ನಮ್ಮ ವಠಾರದ ಹಾಗೇ. ಅದೇ 2009ರಲ್ಲಿ ಅಲ್ಲಿನ ಹುಡುಗ ಹುಡುಗಿಯರೇ ಜಿಪಿಎಸ್ ಹಿಡಿದು ಗಲ್ಲಿ ಗಲ್ಲಿ ನಡೆದು ನಕ್ಷೆ ಮಾಡಲು ಶುರು ಮಾಡಿದರು. ಅಲ್ಲಿಯವರೆಗೆ ಇಂಟರ್ನೆಟ್ಟಿನ ನಕ್ಷೆಗಳಲ್ಲಿ ಆ ಜಾಗ ಹೆಚ್ಚುಕಮ್ಮಿ ಖಾಲಿ.

ಡ್ರೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಲ್ಲಿ ಎಲ್ಲಿ ತಿರುಗುತ್ತದೆ, ಚರಂಡಿ ಎಲ್ಲಿ ಹರಿಯುತ್ತದೆ, ಒತ್ತಿನ ಸರ್ವೇ ನಂಬರಿಗೆ ಎಷ್ಟು ಚಾಚಿದೆ ಅಂತ ನೋಡಲು ಅದರಷ್ಟು ಚೆನ್ನಾದ್ದು ಇಲ್ಲ. ಹಿಂದೆ ನಾವು ಚೈನು ಎಳೆದು ವಾರ ಕಳೆಯುತ್ತಿದ್ದ ಕೆಲಸ ಈಗ ಒಂದು ಬೆಳಗ್ಗೆ. ಫೋನಿನ ಜಿಪಿಎಸ್ ಮಾತ್ರ ನಂಬಬೇಡಿ. ಗಲ್ಲಿ ಅಗಲ ನಾಲ್ಕು ಅಡಿ, ಅದು ತಪ್ಪುವುದು ಹದಿನೈದು ಅಡಿ. ಬಾಗಿಲಲ್ಲಿ ನಿಂತಿದ್ದರೆ ಎದುರು ಮನೆಯ ಅಡುಗೆಮನೆಯಲ್ಲಿದ್ದೀರಿ ಅನ್ನುತ್ತದೆ.

ಒಲೆ ಎಣಿಸುವುದರಲ್ಲೂ ಮೋಸ ಹೋಗಬಹುದು. ಎಷ್ಟು ಸಂಸಾರ ಅಂತ ನೇರವಾಗಿ ಕೇಳಿದರೆ ನಿಜ ಬರುವುದಿಲ್ಲ. ಒಡೆಯಲು ಬಂದಿದ್ದಾರೆ ಅಂದುಕೊಂಡರೆ ಕಡಿಮೆ ಹೇಳುತ್ತಾರೆ, ಫ್ಲ್ಯಾಟ್ ಕೊಡಲು ಬಂದಿದ್ದಾರೆ ಅಂದುಕೊಂಡರೆ ಜಾಸ್ತಿ. ಎರಡರಲ್ಲೂ ತಪ್ಪೇನಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಅದಕ್ಕೇ ನಾನು ಕೇಳುವುದು "ನಿನ್ನೆ ರಾತ್ರಿ ಏನಮ್ಮಾ ಅಡುಗೆ, ಯಾರ್ಯಾರು ಉಂಡ್ರಿ?" ಅಂತ. ಎರಡನೇ ದಿನ ಒಂದು ಮನೆಯಲ್ಲಿ ಮೂಲೆಗೆ ಹೊಸ ಸ್ಟವ್ವು ಇಟ್ಟಿದ್ದರು. ಬರ್ನರ್ ಸುತ್ತ ಒಂದು ಚೂರು ಕಲೆ ಇಲ್ಲ, ಪಕ್ಕದ ಗೋಡೆಯ ಸುಣ್ಣ ಬೆಳ್ಳಗಿದೆ, ಪಾತ್ರೆ ಅಂತ ಇದ್ದದ್ದು ಒಂದೇ ಒಂದು ಚೊಂಬು. ಚೊಂಬಿನಲ್ಲಿ ಅನ್ನ ಮಾಡ್ತೀಯಾ ಅಂದೆ. ಆ ಹುಡುಗಿ ನಕ್ಕುಬಿಟ್ಟಳು, ಅವಳ ಅತ್ತೆಯೂ ನಕ್ಕಳು, ಟೀ ಕೊಟ್ಟರು. ಟೀ ಹಳೇ ಒಲೆಯಿಂದಲೇ ಬಂತು.

ನನ್ನ ಲೆಕ್ಕ ಸರಿಯಾ ಅಂತ ನೋಡಲು ಇನ್ನೊಂದು ದಾರಿ ಇದೆ, ಯಾವ ಕೈಪಿಡಿಯಲ್ಲೂ ನಾನು ಓದಿದ್ದಲ್ಲ. ಮಾರಮ್ಮನ ಹಬ್ಬದ ವರಿ, ಅಂದರೆ ಚಂದಾ, ಬರೆದಿಡುವ ಪುಸ್ತಕ. ಬೇರೆ ಒಲೆ ಹೂಡಿದವರು ಬೇರೆ ವರಿ ಕೊಡಬೇಕು, ಬಾಡಿಗೆಯವರೂ ಸೇರಿ. ದುಡ್ಡಿನ ವಿಷಯ ನೋಡಿ, ಅದರಲ್ಲಿ ಯಾರೂ ಯಾರನ್ನೂ ಬಿಡುವುದಿಲ್ಲ. ವರಿ ಎತ್ತುವ ಯಜಮಾನರು ಉದ್ದನೆಯ ನೋಟ್‌ಬುಕ್ ತಂದು ದೇವಸ್ಥಾನದ ಮೆಟ್ಟಿಲ ಮೇಲೆ ಕೂತರು. ಒಂದೊಂದೇ ಹೆಸರು ಓದಿದರು, ಕೊಡದವರ ಹೆಸರಿನ ಮುಂದೆ ದೊಡ್ಡ ಸೊನ್ನೆ. 83 ಬಂತು. ಒಂದು ಸಂಸಾರ ಹಬ್ಬ ಮುಗಿಸಿ ಊರಿಗೇ ಹೊರಟುಹೋಗಿತ್ತು. ಇನ್ನೊಂದನ್ನು ನಾನೇ ಬಿಟ್ಟಿದ್ದೆ. ದೇವಸ್ಥಾನದ ಹಿಂದಿನ ಗೂಡಿನಲ್ಲಿ ಒಬ್ಬ ಮುದುಕರು, ತಮ್ಮ ಗಂಜಿ ತಾವೇ ಕಾಸಿಕೊಳ್ಳುವವರು. 82 ಅಂತ ಬರೆದುಕೊಂಡೆ. ಪುಸ್ತಕದ ಫೋಟೊ ತೆಗೆಯಲಿಲ್ಲ, ನೀವೂ ತೆಗೆಯಬೇಡಿ. ಹೆಸರಿನ ಪಟ್ಟಿ ಯಾರ ಕೈಗೆ ಹೋಗುತ್ತದೋ ಹೇಳಲಾಗುವುದಿಲ್ಲ.

ವರದಿಯಲ್ಲಿ "ಮನೆಗಳ ಸಂಖ್ಯೆ" ಅನ್ನುವ ಕಲಂ ಹೊಡೆದು "ಒಲೆ" ಅಂತ ಬರೆದು, 82 ಹಾಕಿ ಕಳಿಸಿದೆ. ಪೂರ್ತಿ ಒಂದು ಪುಟ ವಿವರಣೆಯನ್ನೂ ಇಟ್ಟೆ. ನಿನ್ನೆ ಸಂಜೆ ಕರಡು ವಾಪಸ್ ಬಂತು. "ಒಲೆ" ಅನ್ನುವುದನ್ನು ತಿದ್ದಿ "ಗ್ಯಾಸ್ ಕನೆಕ್ಷನ್" ಅಂತ ಮಾಡಿದ್ದಾರೆ, ಬಿಲ್ ನಂಬರ್ ಲಗತ್ತಿಸಿ ಅಂದಿದ್ದಾರೆ. ನಾಳೆ ಬೆಳಗ್ಗೆ ಮತ್ತೆ ಫೋನ್ ಮಾಡಬೇಕು.