ಮಂಗಳೂರಿನಿಂದ ಅಗತ್ತಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: "ಲಕ್ಷದ್ವೀಪ ನಮ್ಮ ಕಾಸರಗೋಡಿನ ಪಡು ದಿಕ್ಕಿಗೇ ಇರುವುದಲ್ವಾ? ಆದರೂ ಎಲ್ಲರೂ ಕೊಚ್ಚಿಗೆ ಹೋಗಿ ಅಂತಾರೆ. ಮಂಗಳೂರು ವಿಮಾನ ನಿಲ್ದಾಣದಿಂದ ಅಗತ್ತಿಗೆ ಎಷ್ಟು ದೂರ, ಎಷ್ಟು ಹೊತ್ತು?"

ಅಗತ್ತಿ ಅಂದರೆ ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ದ್ವೀಪ. ಮಂಗಳೂರಿನಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 380 ಕಿ.ಮೀ. ನೇರವಾಗಿ ಹಾರಿದರೆ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಕೊಚ್ಚಿಯಿಂದ ಅಗತ್ತಿಗೆ ಸುಮಾರು 470 ಕಿ.ಮೀ. ಅಂದರೆ ನಿಮ್ಮ ಅನುಮಾನ ಸರಿ, ನಾವೇ ಹತ್ತಿರ!

ಈ ಲೆಕ್ಕ ನೀವೂ ಮಾಡಬಹುದು. ಮಂಗಳೂರು ನಿಲ್ದಾಣ 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿದೆ. ಅಗತ್ತಿ 10.82 ಉತ್ತರ, 72.18 ಪೂರ್ವ. ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ 111 ಕಿ.ಮೀ., ನಮ್ಮ ಕಡೆ ಪೂರ್ವ-ಪಶ್ಚಿಮಕ್ಕೆ ಸುಮಾರು 109. ಹಾಗಾಗಿ ದಕ್ಷಿಣಕ್ಕೆ 237, ಪಶ್ಚಿಮಕ್ಕೆ 295. ಉಳಿದದ್ದು ಹೈಸ್ಕೂಲಿನ ಪೈಥಾಗೊರಸ್. ಇಷ್ಟು ಸಣ್ಣ ದೂರಕ್ಕೆ ಭೂಮಿ ಗುಂಡಗಿದೆ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ.

ಸಮಯದ ಲೆಕ್ಕ ಇಷ್ಟು ಸಲೀಸಲ್ಲ. ಅಗತ್ತಿಯ ರನ್‌ವೇ ಬರೀ 1,200 ಮೀಟರ್ ಚಿಲ್ಲರೆ. ದೊಡ್ಡ ಜೆಟ್ ಇಳಿಯುವ ಹಾಗಿಲ್ಲ. ಅಲ್ಲಿಗೆ ಹೋಗುವುದು ಎಟಿಆರ್, ಎರಡು ಫ್ಯಾನಿನ ವಿಮಾನ. ಹಿಂದಿನ ಬಾಗಿಲಿನಿಂದ ಹತ್ತಬೇಕು. ರೆಕ್ಕೆ ತಲೆಯ ಮೇಲಿರುವುದರಿಂದ ಕಿಟಕಿಯಿಂದ ಕೆಳಗಿನ ಕಡಲು ಚೆನ್ನಾಗಿ ಕಾಣುತ್ತದೆ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಲೆಕ್ಕದಲ್ಲಿ 380 ಕಿ.ಮೀ.ಗೆ 45 ನಿಮಿಷ. ಏರುವುದು, ಇಳಿಯುವುದು, ರನ್‌ವೇ ತನಕ ತೆವಳುವುದು ಎಲ್ಲ ಸೇರಿ ಇನ್ನೊಂದು 20-25 ನಿಮಿಷ. ಇನ್ನು ಆಟಿಯ, ಅಂದರೆ ಜೋರು ಮಳೆಗಾಲದ, ಪಡುಗಾಳಿ. ಗಂಟೆಗೆ 50 ಕಿ.ಮೀ. ಗಾಳಿ ಎದುರಿಗೆ ಬೀಸಿದರೆ ಆ 45 ನಿಮಿಷ 51 ಆಗುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ, 42 ನಿಮಿಷ ಸಾಕು.

ಹತ್ತಿರ ಇದ್ದೂ ಕೊಚ್ಚಿ ದಾರಿ ಯಾಕೆ? 1956ರ ತನಕ ಅಮೀನಿ, ಕಡಮತ್, ಕಿಲ್ತಾನ್ ದ್ವೀಪಗಳೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. ಆ ನವೆಂಬರ್ 1ಕ್ಕೆ ನಾವು ಕೇರಳಕ್ಕೆ, ಅವು ಕೇಂದ್ರಾಡಳಿತಕ್ಕೆ. ಮಂಗಳೂರು ಹಳೆ ಬಂದರಿನ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು) ಮಾತ್ರ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ದ್ವೀಪಕ್ಕೆ ಹೋಗುವುದು ಬಿಡಲಿಲ್ಲ. ಜನರ ಓಡಾಟ, ಹಡಗು, ವಿಮಾನ ಹೆಚ್ಚಾಗಿ ಕೊಚ್ಚಿಗೆ ಸರಿಯಿತು. ಅಗತ್ತಿ ನಿಲ್ದಾಣ ಶುರುವಾದದ್ದು 1988ರಲ್ಲಿ, ಲಕ್ಷದ್ವೀಪಕ್ಕೆಲ್ಲ ಅದೊಂದೇ.

ಹಾಗಾಗಿ ಬದಿಯಡ್ಕದವರ ನಿಜವಾದ ಲೆಕ್ಕ ಬೇರೆ. ಕಾಸರಗೋಡಿನಿಂದ ಕೊಚ್ಚಿ ವಿಮಾನ ನಿಲ್ದಾಣದ ಹತ್ತಿರದ ಅಂಗಮಾಲಿಗೆ ರೈಲಿನಲ್ಲಿ ಆರೇಳು ಗಂಟೆ, ಆ ನಿಲ್ದಾಣವಿರುವ ನೆಡುಂಬಾಶ್ಶೇರಿಯಲ್ಲಿ ಕಾಯುವುದು ಎರಡು ಗಂಟೆ, ಆಮೇಲೆ ಒಂದೂವರೆ ಗಂಟೆ ಹಾರಾಟ. ಹೆಚ್ಚುಕಡಿಮೆ ಒಂದು ರಾತ್ರಿ ಅಲ್ಲಿಗೇ ಹೋಯಿತು. ಬೆಂಗಳೂರಿನಿಂದಲೂ 2024ರಲ್ಲಿ ಅಗತ್ತಿಗೆ ವಿಮಾನ ಶುರುವಾಗಿತ್ತು. ಹೊರಡುವ ಮೊದಲು ಆ ವೇಳಾಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ. ದ್ವೀಪದವರಲ್ಲದವರಿಗೆ ಪರ್ಮಿಟ್ ಬೇಕು, ಅದು ಕೈಗೆ ಬರುವ ಮೊದಲು ಟಿಕೆಟಿಗೆ ದುಡ್ಡು ಕಟ್ಟಬೇಡಿ.